ಟೋರ್ಟಾ ಆಗಲೇ ತಿನ್ನಿ, ಬುರ್ರಿಟೊ ಕಟ್ಟಿಕೊಂಡು ಹೋಗಿ

ಪ್ರಶ್ನೆ: ನಾವು ದಾವಣಗೆರೆಯವರು, ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆ ಮಾತ್ರ ತಿನ್ನುತ್ತೇವೆ. ಹತ್ತಿರದ ಮೆಕ್ಸಿಕನ್ ಅಂಗಡಿಯಿಂದ ಆಗಾಗ ಬುರ್ರಿಟೊ, ಅಂದರೆ ತೆಳು ರೊಟ್ಟಿಯಲ್ಲಿ ಬೀನ್ಸ್, ಅನ್ನ ಸುತ್ತಿದ ಸುರುಳಿ, ತರುವುದು ರೂಢಿ. ಇತ್ತೀಚೆಗೆ ಅಲ್ಲೇ ಟೋರ್ಟಾ ಎಂಬ ಸ್ಯಾಂಡ್‌ವಿಚ್ ತಿಂದೆವು, ಹೈಸ್ಕೂಲಿಗೆ ಹೋಗುವ ಮಗನಿಗೆ ಅದೇ ಹಿಡಿಸಿದೆ. ಪತಿಗೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ವೈದ್ಯರು ಎಚ್ಚರಿಸಿದ್ದಾರೆ. ಟೋರ್ಟಾ ಎಂದರೆ ಬ್ರೆಡ್, ಬ್ರೆಡ್ ಎಂದರೆ ಮೈದಾ, ಬುರ್ರಿಟೊ ಆದರೆ ಚಪಾತಿಯ ಹಾಗೆ, ಅದೇ ಒಳ್ಳೆಯದು ಎಂದು ಅವರ ವಾದ. ಸಹೋದ್ಯೋಗಿಯೊಬ್ಬರು ಬುರ್ರಿಟೊ ಮೆಕ್ಸಿಕೊದ ತಿಂಡಿಯೇ ಅಲ್ಲ, ಅಮೆರಿಕದವರು ಹುಟ್ಟಿಸಿದ್ದು ಎನ್ನುತ್ತಾರೆ. ಎರಡರಲ್ಲೂ ಹಂದಿಯ ಕೊಬ್ಬು ಇರುತ್ತದೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಮಗನ ಡಬ್ಬಿಗೆ ಯಾವುದು ಸರಿ? ಬೆಳಿಗ್ಗೆ ಕಟ್ಟಿಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಕೆಡುವುದಿಲ್ಲವೇ? ಡಿಸೆಂಬರ್‌ನಲ್ಲಿ ಮೆಕ್ಸಿಕೊ ನಗರ ಮತ್ತು ಗ್ವಾದಲಹಾರಾ ನೋಡಲು ಹೋಗುವವರಿದ್ದೇವೆ. ಅಲ್ಲಿ ಏನು ಕೇಳಿ ತಿನ್ನಬೇಕು?

ಉತ್ತರ: ನಿಮ್ಮ ಮನೆಯ ವಾದ ಹೊರಗಿನ ಹೊದಿಕೆಯ ಸುತ್ತ ನಡೆದಿದೆ: ಬ್ರೆಡ್ ಮೇಲೋ, ಬುರ್ರಿಟೊ ಸುತ್ತುವ ಟೋರ್ಟಿಯಾ ಎಂಬ ತೆಳು ರೊಟ್ಟಿ ಮೇಲೋ ಎಂದು. ಮೆಕ್ಸಿಕನ್ ಅಡುಗೆಮನೆಗಳಿಗೆ ಆಹಾರ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕಸುಬು. ಒಲೆಯ ಪಕ್ಕದಲ್ಲಿ ನಿಂತು ನೋಡಿದರೆ ಹೊದಿಕೆಗಿಂತ ಎರಡು ಸಂಗತಿಗಳು ಹೆಚ್ಚು ಲೆಕ್ಕಕ್ಕೆ ಬರುತ್ತವೆ: ಒಳಗೆ ಏನು ತುಂಬಿದ್ದಾರೆ ಮತ್ತು ಕಟ್ಟಿದ ಮೇಲೆ ಎಷ್ಟು ಹೊತ್ತಿಗೆ ಬಾಯಿಗೆ ಹೋಗುತ್ತದೆ. ಟೋರ್ಟಾ ಮಾಡಿದ ಜಾಗದಲ್ಲೇ, ಮಾಡಿದ ಗಳಿಗೆಯಲ್ಲೇ ತಿನ್ನಬೇಕಾದ ತಿಂಡಿ. ಬುರ್ರಿಟೊ ಪ್ರಯಾಣ ಮಾಡಬಲ್ಲ ತಿಂಡಿ. ನಿಮ್ಮ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ. ಆದರೆ ಸಸ್ಯಾಹಾರಿ ಮನೆಗೆ ತುರ್ತಾಗಿ ಬೇಕಾದದ್ದು ಕೊಬ್ಬಿನ ವಿಷಯ, ಅದನ್ನೇ ಮೊದಲು ಮುಗಿಸೋಣ.

ನಿಮ್ಮನ್ನು ಹೆದರಿಸಿದವರು ಸುಳ್ಳು ಹೇಳಿಲ್ಲ, ಆದರೆ ಎಲ್ಲಿ ಎಂದು ಹೇಳಿಲ್ಲ. ಹಂದಿಯ ಕೊಬ್ಬಿಗೆ ಮೆಕ್ಸಿಕೊದಲ್ಲಿ ಮಾಂತೇಕಾ ಎನ್ನುತ್ತಾರೆ. 16ನೇ ಶತಮಾನದಲ್ಲಿ ಸ್ಪೇನಿನವರು ಹಂದಿಯನ್ನು ತಂದ ಮೇಲೆ ಅದು ಅಲ್ಲಿನ ಒಗ್ಗರಣೆಯ ಎಣ್ಣೆಯೇ ಆಗಿಬಿಟ್ಟಿತು. ಅದು ಹೆಚ್ಚಾಗಿ ಅಡಗಿರುವುದು ಅರೆದು ಹುರಿದ ಬೀನ್ಸ್‌ನಲ್ಲಿ, ಅಂದರೆ ಫ್ರಿಹೋಲೆಸ್ ರೆಫ್ರಿತೋಸ್‌ನಲ್ಲಿ. ಟೋರ್ಟಾದ ಬ್ರೆಡ್‌ಗೆ ಸವರುವುದೂ ಈ ಬೀನ್ಸನ್ನೇ, ಎಷ್ಟೋ ಬುರ್ರಿಟೊಗಳ ತಳಕ್ಕೆ ಬೀಳುವುದೂ ಇದೇ. ಉತ್ತರದ ಸೊನೋರಾ ರಾಜ್ಯದ ಸಾಂಪ್ರದಾಯಿಕ ಗೋಧಿ ಟೋರ್ಟಿಯಾದ ಹಿಟ್ಟಿಗೂ ಮಾಂತೇಕಾ ಹಾಕಿ ಕಲಸುತ್ತಾರೆ. ಕೆಲವು ಬೇಕರಿಗಳು ಟೋರ್ಟಾದ ಬ್ರೆಡ್‌ಗೂ ಸ್ವಲ್ಪ ಸೇರಿಸುತ್ತವೆ. ಅಮೆರಿಕದಲ್ಲಿ ಕಾರ್ಖಾನೆಯಿಂದ ಬರುವ ಟೋರ್ಟಿಯಾಗಳಲ್ಲಿ ಹೆಚ್ಚಿನವು ಸಸ್ಯದ ಎಣ್ಣೆಯವು, ಪೊಟ್ಟಣ ಓದಿದರೆ ತಿಳಿಯುತ್ತದೆ. ಅಲ್ಲಿ ‘ಮಾಂತೇಕಾ ವೆಹೆತಾಲ್’ ಎಂದಿದ್ದರೆ ಅದು ಸಸ್ಯದ ಕೊಬ್ಬು, ನಮ್ಮ ವನಸ್ಪತಿಯ ಜಾತಿಯದು. ಅದಕ್ಕೆ ಹೆದರಬೇಕಿಲ್ಲ.

ಕೊಬ್ಬಿಗಿಂತಲೂ ಹೆಚ್ಚು ಸಸ್ಯಾಹಾರಿಗಳು ಎಡವುವುದು ಅನ್ನದಲ್ಲಿ. ಟೊಮೆಟೊ ಹಾಕಿದ ಆ ಕೆಂಪು ಅನ್ನವನ್ನು ಕೋಳಿ ಬೇಯಿಸಿದ ನೀರಿನಲ್ಲೋ ಕೋಳಿ ಸಾರಿನ ಪುಡಿ ಬೆರೆಸಿದ ನೀರಿನಲ್ಲೋ ಮಾಡುವುದು ತೀರಾ ಸಾಮಾನ್ಯ. ಕಣ್ಣಿಗೆ ಮಾಂಸದ ಚೂರು ಕಾಣುವುದಿಲ್ಲವಾದ್ದರಿಂದ ಯಾರೂ ಕೇಳುವುದೂ ಇಲ್ಲ. ಹಾಗಾಗಿ ಅಂಗಡಿಯಲ್ಲಿ ‘ನಾವು ಸಸ್ಯಾಹಾರಿಗಳು’ ಎಂದಷ್ಟೇ ಹೇಳಿ ನಿಲ್ಲಬೇಡಿ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಎಂದರೂ ಸಾಲದು. ಆ ಮಾತಿನಲ್ಲಿ ಅನೇಕರ ಮನಸ್ಸಿಗೆ ಬರುವುದು ದನದ ಮಾಂಸ, ಕೋಳಿಯೋ ಹ್ಯಾಮೋ ತಟ್ಟೆಗೆ ಬಂದುಬಿಡಬಹುದು. ಪದಾರ್ಥದ ಹೆಸರು ಹಿಡಿದೇ ಕೇಳಿ. ‘ಲೋಸ್ ಫ್ರಿಹೋಲೆಸ್ ಯೆವಾನ್ ಮಾಂತೇಕಾ?’ ಎಂದರೆ ಬೀನ್ಸ್‌ಗೆ ಹಂದಿಕೊಬ್ಬು ಹಾಕಿದ್ದೀರಾ ಎಂದು. ‘ಎಲ್ ಅರ್ರೋಸ್ ಯೇವಾ ಕಾಲ್ದೊ ದೆ ಪೊಯೊ?’ ಎಂದರೆ ಅನ್ನಕ್ಕೆ ಕೋಳಿ ಸಾರು ಬಿದ್ದಿದೆಯೇ ಎಂದು. ಈ ಎರಡು ಸಾಲು ಬಾಯಿಪಾಠವಾದರೆ ಅರ್ಧ ಚಿಂತೆ ಕಳೆಯಿತು. ಅಡುಗೆಯವರು ಇದಕ್ಕೆ ಬೇಸರಿಸಿದ್ದನ್ನು ನಾನು ಕಂಡಿಲ್ಲ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಬಂದು ಹೇಳುತ್ತಾರೆ. ಅರೆಯದೆ ಇಡಿಯಾಗಿ ಬೇಯಿಸಿದ ‘ದೆ ಲಾ ಓಯಾ’ ಬೀನ್ಸ್ ಸಾಮಾನ್ಯವಾಗಿ ಈರುಳ್ಳಿ, ಉಪ್ಪಿನಲ್ಲಿ ಬೆಂದಿರುತ್ತದೆ, ಆದ್ದರಿಂದ ಇದ್ದುದರಲ್ಲಿ ನಂಬಿಕೆಗೆ ಅರ್ಹ. ‘ಚಾರ್ರೋಸ್’ ಎಂಬ ಬೀನ್ಸ್ ಮಾತ್ರ ಹಂದಿ ಮಾಂಸವಿಲ್ಲದೆ ಆಗುವುದೇ ಇಲ್ಲವೆನ್ನಬಹುದು.

ಮಡಿವಂತಿಕೆ ಇರುವ ಮನೆಯವರು ಕೇಳುವ ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೋರ್ಟಾದ ಬ್ರೆಡ್ಡನ್ನು ಸೀಳಿ, ಒಳಮೈಯನ್ನು ಕಬ್ಬಿಣದ ದೊಡ್ಡ ಕಾವಲಿಗೆ ಒತ್ತಿ ಹುರಿಯುತ್ತಾರೆ. ಮಾಂಸ ಬೇಯುವುದೂ ಅದೇ ಕಾವಲಿಯ ಮೇಲೆ. ಬುರ್ರಿಟೊದ ಟೋರ್ಟಿಯಾ ಬಹಳ ಕಡೆ ಬೇರೆಯದೇ ಉಗಿ ಯಂತ್ರದಲ್ಲಿ ಬಿಸಿಯಾಗುತ್ತದೆ. ಇದು ನಿಮಗೆ ಮುಖ್ಯವಾದರೆ ಬುರ್ರಿಟೊ ಕಡೆಗೆ ಒಂದು ಅಂಕ.

ಇನ್ನು ಬುರ್ರಿಟೊ ಯಾರದು ಎಂಬ ಪ್ರಶ್ನೆ. ಅದು ಮೆಕ್ಸಿಕೊದ್ದೇ, ಆದರೆ ಇಡೀ ಮೆಕ್ಸಿಕೊದ್ದಲ್ಲ. ಮಧ್ಯ ಮತ್ತು ದಕ್ಷಿಣ ಮೆಕ್ಸಿಕೊ ಮೆಕ್ಕೆಜೋಳದ ಸೀಮೆ. ನಿಮ್ಮ ದಾವಣಗೆರೆಯ ಸುತ್ತ ಈಗ ಕಣ್ಣು ಹಾಯಿಸಿದಲ್ಲೆಲ್ಲ ನಿಂತಿರುವ ಬೆಳೆಯ ತವರು ಅದೇ. ಗೋಧಿ ಬಂದದ್ದು ಸ್ಪೇನಿನವರ ಜೊತೆ. ಅದು ಚೆನ್ನಾಗಿ ನೆಲೆಯೂರಿದ್ದು ಸೊನೋರಾ, ಚಿವಾವಾದಂತಹ ಉತ್ತರದ ಒಣ ಸೀಮೆಗಳಲ್ಲಿ. ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಗೋಧಿಯ ಅಂಟಿಲ್ಲ. ನಮ್ಮ ಜೋಳದ ರೊಟ್ಟಿಯನ್ನು ಸುರುಳಿ ಸುತ್ತಲು ಹೋದರೆ ಹೇಗೆ ಸೀಳುತ್ತದೆಯೋ ಇದೂ ಹಾಗೆ. ಆದ್ದರಿಂದ ಅದು ಅಂಗೈಯಗಲದ ಟಾಕೊ ಆಗಿ, ಮಡಚಿದರೆ ಸಾಕು ಎನ್ನುವಲ್ಲಿಗೆ ನಿಂತಿತು. ಗೋಧಿಯದು ಹಿಗ್ಗುತ್ತದೆ, ಎರಡೂ ತುದಿಯನ್ನು ಒಳಕ್ಕೆ ತಳ್ಳಿ ಮುಚ್ಚಿದರೂ ಬಾಯಿ ಬಿಡುವುದಿಲ್ಲ. ಬುರ್ರಿಟೊ ಹುಟ್ಟಲು ಬೇಕಾದದ್ದು ಈ ಗುಣ.

ಮೆಕ್ಸಿಕೊ ಕ್ರಾಂತಿಯ ಕಾಲದಲ್ಲಿ ಸಿಯುದಾದ್ ಹ್ವಾರೆಸ್ ಪಟ್ಟಣದ ಹ್ವಾನ್ ಮೆಂದೆಸ್ ಎಂಬಾತ ಕತ್ತೆಯ ಮೇಲೆ ಊಟ ಹೇರಿಕೊಂಡು ಬಂದು ಮಾರುತ್ತಿದ್ದ, ಅವನಿಂದಲೇ ಇದು ಶುರುವಾಯಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಕ್ರಾಂತಿ ಆರಂಭವಾದದ್ದು 1910ರಲ್ಲಿ. 1895ರಲ್ಲಿ ಪ್ರಕಟವಾದ ಮೆಕ್ಸಿಕನ್ ಪದಗಳ ನಿಘಂಟಿನಲ್ಲೇ ಬುರ್ರಿಟೊ ಇದೆ: ಮಾಂಸವನ್ನೋ ಬೇರೇನನ್ನೋ ಒಳಗಿಟ್ಟು ಸುತ್ತಿದ ಟೋರ್ಟಿಯಾ ಎಂಬ ಅರ್ಥದೊಂದಿಗೆ, ಗ್ವಾನಹ್ವಾತೊ ರಾಜ್ಯದ ಬಳಕೆಯಾಗಿ. ಕಥೆ ಚೆನ್ನಾಗಿದೆ, ಕಾಲ ಹೊಂದುವುದಿಲ್ಲ.

ನಿಮ್ಮ ಸಹೋದ್ಯೋಗಿಯ ಮಾತಿನಲ್ಲೂ ಒಂದು ಪಾಲು ನಿಜವಿದೆ. ನೀವು ಸ್ಯಾನ್ ಹೋಸೆಯಲ್ಲಿ ತಿನ್ನುವ, ಒಂದು ಕೈಯಲ್ಲಿ ಹಿಡಿಯಲಾಗದ, ಬೆಳ್ಳಿ ಹಾಳೆ ಸುತ್ತಿದ ಬುರ್ರಿಟೊ 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಬೆಳೆದದ್ದು. ಅನ್ನ, ಬೀನ್ಸ್, ಕ್ರೀಮು, ಬೆಣ್ಣೆ ಹಣ್ಣು ಎಲ್ಲವನ್ನೂ ಒಂದರಲ್ಲೇ ತುಂಬುವ ಪದ್ಧತಿ ಅಲ್ಲಿಯದು. 1993ರಲ್ಲಿ ಡೆನ್ವರ್‌ನಲ್ಲಿ ಶುರುವಾದ ಚಿಪೋಟ್ಲೆ ಎಂಬ ಹೋಟೆಲ್ ಸರಪಳಿ ಅದನ್ನು ದೇಶವಿಡೀ ಹಂಚಿತು. ಹ್ವಾರೆಸ್‌ನ ಬುರ್ರಿಟೊ ಇದರ ಮುಂದೆ ಸಣಕಲು. ಎರಡು ಬೆರಳು ದಪ್ಪ, ಒಳಗೆ ಒಂದೇ ಪಲ್ಯ, ಅನ್ನದ ಸುಳಿವಿಲ್ಲ. ಬೀನ್ಸ್ ಮತ್ತು ಚೀಸು, ಅಥವಾ ಸುಟ್ಟು ಸಿಪ್ಪೆ ಸುಲಿದ ದಪ್ಪ ಹಸಿಮೆಣಸಿನ ಪಟ್ಟಿಗಳು, ಅಷ್ಟೇ. ನನ್ನ ಮಟ್ಟಿಗೆ ಅದೇ ಹೆಚ್ಚು ರುಚಿ, ಏಕೆಂದರೆ ಟೋರ್ಟಿಯಾದ ರುಚಿಯೂ ನಾಲಿಗೆಗೆ ಸಿಗುತ್ತದೆ.

ಟೋರ್ಟಾದ ಇತಿಹಾಸದಲ್ಲಿ ಇಂಥ ಜಗಳವಿಲ್ಲ. ಅದು 19ನೇ ಶತಮಾನದ ಕೊನೆಯ ಹೊತ್ತಿಗೆ ಮೆಕ್ಸಿಕೊ ನಗರದ ಬೀದಿಗಳಲ್ಲಿ ಬೇರೂರಿದ ತಿಂಡಿ, ನಗರದ ಬೇಕರಿಗಳ ಕೂಸು.

ಈಗ ನಿಮ್ಮ ಪತಿಯ ವಾದಕ್ಕೆ ಬರೋಣ. ಚಿಕಿತ್ಸೆಯ ಮಾತು ಅವರ ವೈದ್ಯರದು, ನಾನು ಹಿಟ್ಟಿನ ಲೆಕ್ಕ ಮಾತ್ರ ಕೊಡುತ್ತೇನೆ. ಬುರ್ರಿಟೊದ ಟೋರ್ಟಿಯಾ ಚಪಾತಿಯಂತೆ ಕಾಣುತ್ತದೆ ನಿಜ, ಆದರೆ ಅದು ಬಹುಪಾಲು ಮೈದಾ, ಜೊತೆಗೆ ಕೊಬ್ಬು ಮತ್ತು ಸಾಕಷ್ಟು ಉಪ್ಪು. 30 ಸೆಂಟಿಮೀಟರ್ ಅಗಲದ ಒಂದು ಟೋರ್ಟಿಯಾದಲ್ಲಿ ಸುಮಾರು 300 ಕ್ಯಾಲೊರಿ, 50 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಷ್ಟಕ್ಕೆ ಮನೆಯ ಎರಡೂವರೆ ಚಪಾತಿ ಬೇಕು. ಟೋರ್ಟಾಕ್ಕೆ ಬಳಸುವ, 90ರಿಂದ 100 ಗ್ರಾಂ ತೂಗುವ ತೆಲೇರಾ ಬ್ರೆಡ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೊದಿಕೆಯ ಮಟ್ಟಿಗೆ ಎರಡೂ ಸಮ. ವ್ಯತ್ಯಾಸ ಹುಟ್ಟುವುದು ಅನ್ನದ ಸೌಟಿನಿಂದ. ಮಿಷನ್ ಬುರ್ರಿಟೊಗೆ ಬೀಳುವ ಒಂದು ಸೌಟು ಅನ್ನ ಇನ್ನೊಂದು 40 ಗ್ರಾಂ ಕಾರ್ಬೋಹೈಡ್ರೇಟ್ ತರುತ್ತದೆ, ಬೀನ್ಸ್ 20 ಗ್ರಾಂ ಸೇರಿಸುತ್ತದೆ. ಒಟ್ಟು 110 ಗ್ರಾಂ! ಟೋರ್ಟಾದಲ್ಲಿ ಅನ್ನವಿಲ್ಲ, ಬೀನ್ಸ್ ತೆಳುವಾಗಿ ಸವರಿರುತ್ತಾರೆ, 60 ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. ಬೀನ್ಸ್‌ನ ಪಾಲನ್ನು ಮಾತ್ರ ದೂರಬೇಡಿ. ಅದರಲ್ಲಿ ನಾರು, ಪ್ರೋಟೀನ್ ಎರಡೂ ಇವೆ, ರಕ್ತಕ್ಕೆ ಸಕ್ಕರೆ ಏರುವ ವೇಗವನ್ನು ಅವು ತಗ್ಗಿಸುತ್ತವೆ.

ಹಾಗಾದರೆ ಟೋರ್ಟಾ ಗೆದ್ದಿತೇ? ಅದರ ಅಪಾಯ ಬೇರೆ ಕಡೆ ಇದೆ. ಮೇಯನೇಸ್ ಒಂದು ದೊಡ್ಡ ಚಮಚಕ್ಕೆ ಸುಮಾರು 90ರಿಂದ 100 ಕ್ಯಾಲೊರಿ. ಬ್ರೆಡ್‌ನ ಎರಡೂ ಮೈಗೆ ಧಾರಾಳವಾಗಿ ಬಳಿದು, ಮೇಲೆ ಕ್ರೀಮು, ಚೀಸು, ಬೆಣ್ಣೆ ಹಣ್ಣು ಎಂದು ಪೇರಿಸಿದರೆ ಅನ್ನ ಬಿಟ್ಟು ಉಳಿಸಿದ ಕ್ಯಾಲೊರಿಯೆಲ್ಲ ಹಿಂದಿರುಗಿ ಬರುತ್ತದೆ. ಬ್ರೆಡ್ ಒಣ ಪದಾರ್ಥ, ಅದಕ್ಕೆ ಜಿಡ್ಡು ಬೇಕೇ ಬೇಕು. ಮೇಯನೇಸ್ ಬೇಡವೆಂದು ಬೆಣ್ಣೆ ಹಣ್ಣನ್ನು ಮಾತ್ರ ಉಳಿಸಿಕೊಳ್ಳಿ. ಟೋರ್ಟಾ ಮಾಡುವ ನುರಿತ ಕೈಗಳಲ್ಲಿ ನಾನು ಮೆಚ್ಚುವ ಒಂದು ಕೆಲಸವಿದೆ: ಬ್ರೆಡ್ ಸೀಳಿದ ಕೂಡಲೇ ಹೆಬ್ಬೆರಳಿನಿಂದ ಒಳಗಿನ ಮೆತ್ತನೆಯ ತಿರುಳನ್ನು ಒಂದೇ ಎಳೆತಕ್ಕೆ ಕಿತ್ತು ಬದಿಗಿಡುತ್ತಾರೆ. ತುಂಬಲು ಜಾಗವಾಗುತ್ತದೆ, ಹೊರಪದರ ಕಾವಲಿಯ ಮೇಲೆ ಗರಿಯಾಗುತ್ತದೆ. ‘ಸಿನ್ ಮಿಗಹೋನ್’ ಎಂದರೆ ತಿರುಳು ತೆಗೆದು ಕೊಡುತ್ತಾರೆ. ಸಕ್ಕರೆಯ ಲೆಕ್ಕವಿಡುವವರಿಗೆ ಇದು ಕಷ್ಟವಿಲ್ಲದ ಉಳಿತಾಯ.

ನಿಮ್ಮ ಪತಿಗೆ ನಾನು ಹೇಳುವುದಿಷ್ಟು. ಬುರ್ರಿಟೊ ಬಿಡಲಾಗದಿದ್ದರೆ ಅನ್ನ ಬಿಡಿ, ಆ ಜಾಗಕ್ಕೆ ಇಡಿ ಬೀನ್ಸ್ ಮತ್ತು ಹುರಿದ ತರಕಾರಿ ಕೇಳಿ, ಅರ್ಧ ತಿಂದು ಅರ್ಧ ಆಗಲೇ ಫ್ರಿಜ್‌ನಲ್ಲಿಡಿ. ಮೊಟ್ಟೆ, ಬೀನ್ಸ್, ಹಸಿಮೆಣಸಿನ ಪಟ್ಟಿ ಹಾಕಿದ ತಿರುಳಿಲ್ಲದ ಟೋರ್ಟಾ ಅದಕ್ಕಿಂತ ವಾಸಿ. ಎರಡಕ್ಕಿಂತಲೂ ವಾಸಿ, ಅಂಗಡಿಯಾತನ ಬಳಿಯೇ ಇರುವ ಮೆಕ್ಕೆಜೋಳದ ಚಿಕ್ಕ ಟೋರ್ಟಿಯಾಗಳು. ಸುಣ್ಣದ ನೀರಿನಲ್ಲಿ ಬೇಯಿಸಿ ಬೀಸಿದ ಆ ಹಿಟ್ಟಿನ ಒಂದು ಟೋರ್ಟಿಯಾದಲ್ಲಿ 11ರಿಂದ 12 ಗ್ರಾಂ ಕಾರ್ಬೋಹೈಡ್ರೇಟ್, ಎರಡು ಮೂರು ತಿಂದರೂ ಲೆಕ್ಕ ಕೈ ಮೀರುವುದಿಲ್ಲ. ತಿಂದ ಎರಡು ಗಂಟೆಯ ನಂತರ ಸಕ್ಕರೆ ಅಳೆಯುವ ಅಭ್ಯಾಸ ಅವರಿಗಿದ್ದರೆ ಮೂರನ್ನೂ ಬೇರೆ ಬೇರೆ ದಿನ ತಿಂದು ನೋಡಲಿ. ಅವರ ದೇಹ ಕೊಡುವ ಉತ್ತರ ನನ್ನ ಲೆಕ್ಕಕ್ಕಿಂತ ನಂಬಲರ್ಹ.

ಮಗನ ಡಬ್ಬಿಯ ಪ್ರಶ್ನೆಯ ಬಗ್ಗೆ ನಿಧಾನವಾಗಿ ಹೇಳಬೇಕು. ನಿಜವಾದ ಅಪಾಯ ಇರುವುದು ಇಲ್ಲೇ, ಮನೆಗಳಲ್ಲಿ ಇದರ ಬಗ್ಗೆ ಚಿಂತೆ ಕಡಿಮೆ ಎಂಬುದು ನನ್ನ ದೊಡ್ಡ ಅಳಲು.

ಬುರ್ರಿಟೊ ಪ್ರಯಾಣಕ್ಕೆ ಹೇಳಿ ಮಾಡಿಸಿದ ಆಕಾರ. ಅಂಗಡಿಯಲ್ಲಿ ಗಮನಿಸಿ: ಟೋರ್ಟಿಯಾವನ್ನು ಉಗಿಯಲ್ಲಿ ಕೆಲವು ಸೆಕೆಂಡು ಒತ್ತುತ್ತಾರೆ, ಅದು ಒದ್ದೆ ಬಟ್ಟೆಯಂತೆ ಬಳುಕುತ್ತದೆ. ಬಿಸಿಗೆ ಹಿಟ್ಟಿನ ಗಂಜಿಯಂಶ ಮೆದುವಾಗುವುದೇ ಇದಕ್ಕೆ ಕಾರಣ. ತಣ್ಣಗಿನದನ್ನು ಸುತ್ತಿದರೆ ಬಿರುಕು ಬಿಡುತ್ತದೆ. ಸುತ್ತಿ ಮುಚ್ಚಿದ ಮೇಲೆ ರಸ ಹೊರಕ್ಕೆ ಬರುವುದಿಲ್ಲ, ಗಾಳಿ ಒಳಕ್ಕೆ ಹೋಗುವುದಿಲ್ಲ. ಆದರೆ ಅದೇ ಗುಣ ಶಾಖವನ್ನೂ ಹಿಡಿದಿಡುತ್ತದೆ. ದಪ್ಪ ಬುರ್ರಿಟೊದ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಬ್ಯಾಕ್ಟೀರಿಯಾಗಳಿಗೆ ಅಚ್ಚುಮೆಚ್ಚು. ಅದರಲ್ಲೂ ಅನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮರುಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ನಿನ್ನೆ ರಾತ್ರಿ ಒಲೆಯ ಮೇಲೇ ಉಳಿದ ಅನ್ನವನ್ನು ಬೆಳಿಗ್ಗೆ ಬುರ್ರಿಟೊಗೆ ತುಂಬುವುದನ್ನು ದಯವಿಟ್ಟು ಮಾಡಬೇಡಿ. ವಾಸನೆಯಿಂದ ಇದು ಗೊತ್ತಾಗುವುದಿಲ್ಲ.

ಮಾಡಬೇಕಾದದ್ದು ಕಷ್ಟವಿಲ್ಲ. ರಾತ್ರಿ ಬೀನ್ಸ್, ಪಲ್ಯ ಮಾಡಿ ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಆರಿದ ಮೇಲೆ ಸುತ್ತಿ, ಫ್ರಿಜ್‌ನಲ್ಲಿಡಿ. ಬಿಸಿಬಿಸಿಯಾಗಿ ಸುತ್ತಿಟ್ಟರೆ ಫ್ರಿಜ್‌ನೊಳಗೂ ನಡುಭಾಗ ಬೇಗ ತಣಿಯುವುದಿಲ್ಲ. ಬೆಳಿಗ್ಗೆ ತಣ್ಣಗೇ, ಮಂಜುಗಡ್ಡೆ ಚೀಲದ ಜೊತೆ ಡಬ್ಬಿಗೆ ಹಾಕಿ. ಶಾಲೆಯಲ್ಲಿ ಮೈಕ್ರೋವೇವ್ ಇದ್ದರೆ ಬೆಳ್ಳಿ ಹಾಳೆ ಬಿಚ್ಚಿ, ಒದ್ದೆ ಕಾಗದ ಸುತ್ತಿ, ನಡುವೆ ಹೊಗೆಯಾಡುವಷ್ಟು, ಅಂದರೆ 74 ಡಿಗ್ರಿ ತಲುಪುವಷ್ಟು ಬಿಸಿ ಮಾಡಿಕೊಳ್ಳಲಿ. ಮಂಜುಗಡ್ಡೆ ಚೀಲವಿಲ್ಲದೆ ಕಟ್ಟಿಕೊಟ್ಟದ್ದಕ್ಕೆ ಎರಡು ಗಂಟೆಯ ಗಡುವು. ಬಿಸಿಲು 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಕಾರಿನಲ್ಲಿ ಮರೆತುಬಂದದ್ದನ್ನು ಎಸೆಯಿರಿ, ಮನಸ್ಸು ನೋವಾದರೂ ಸರಿ. ತಿಂಗಳಿಗಾಗುವಷ್ಟು ಮಾಡಿ ಫ್ರೀಜರ್‌ನಲ್ಲಿಡುವುದಕ್ಕೂ ಬುರ್ರಿಟೊ ಒಳ್ಳೆಯದೇ. ಹಸಿ ಟೊಮೆಟೊ, ಸೊಪ್ಪು, ಬೆಣ್ಣೆ ಹಣ್ಣು, ಕ್ರೀಮು ಇಲ್ಲದಂತೆ ನೋಡಿಕೊಂಡರೆ ಸಾಕು. ಅವು ಕರಗಿದಾಗ ನೀರಾಗುತ್ತವೆ.

ಟೋರ್ಟಾಕ್ಕೆ ಇಂಥ ತಾಳ್ಮೆ ಇಲ್ಲ. ಅರ್ಧ ಗಂಟೆ ಕಳೆದರೆ ಟೊಮೆಟೊ, ಉಪ್ಪಿನಕಾಯಿ ಮೆಣಸಿನ ನೀರು ಬ್ರೆಡ್‌ಗೆ ಇಳಿಯುತ್ತದೆ, ಹೊರಪದರ ಚರ್ಮದಂತಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಕೆಟ್ಟದು, ಬ್ರೆಡ್ ಬೇಗ ಹಳಸಲಾಗುವುದೇ ಆ ತಂಪಿನಲ್ಲಿ. ಮಗನಿಗೆ ಅದೇ ಬೇಕೆಂದರೆ ಬಿಡಿಬಿಡಿಯಾಗಿ ಕಟ್ಟಿಕೊಡಿ. ಬ್ರೆಡ್‌ನ ಒಳಮೈಯನ್ನು ತವಾದ ಮೇಲೆ ಕೆಂಪಗೆ ಹುರಿದು, ಆರಿಸಿ, ಕಾಗದದಲ್ಲಿ ಸುತ್ತಿ. ಬೀನ್ಸ್, ಚೀಸು, ಮೊಟ್ಟೆ ಒಂದು ತಣ್ಣನೆಯ ಡಬ್ಬಿಯಲ್ಲಿ. ಟೊಮೆಟೊ, ಮೆಣಸು ಇನ್ನೊಂದರಲ್ಲಿ. ತಾನೇ ಜೋಡಿಸಿಕೊಂಡು ತಿನ್ನುವ ವಯಸ್ಸು ಅವನದು. ಮೊದಲು ಎರಡೂ ಮೈಗೆ ಬೀನ್ಸ್ ಒತ್ತಿ ಸವರಲಿ, ಆ ಪದರ ನೀರನ್ನು ತಡೆಯುತ್ತದೆ.

ಪ್ರವಾಸದ ಮಾತು. ಮೆಕ್ಸಿಕೊ ನಗರದಲ್ಲಿ ಬುರ್ರಿಟೊ ಹುಡುಕುತ್ತ ಅಲೆಯಬೇಡಿ. ಅಲ್ಲಿ ಅದು ಉತ್ತರದವರ ತಿಂಡಿ, ಸಿಕ್ಕರೂ ವಿಶೇಷವಿರುವುದಿಲ್ಲ. ಅದು ಟೋರ್ಟಾದ ಊರು. ಬೆಳಿಗ್ಗೆ ಜನ ನಿಂತು ತಿನ್ನುವ ಗ್ವಾಹೊಲೋತಾ, ಅಂದರೆ ತಮಾಲ್ ಎಂಬ ಹಬೆಯ ಕಡುಬನ್ನು ಬ್ರೆಡ್ಡಿನೊಳಗಿಟ್ಟದ್ದು, ನೋಡಲು ನಿರಪಾಯವೆನಿಸುತ್ತದೆ. ಆದರೆ ತಮಾಲ್ ಹಿಟ್ಟಿಗೆ ಹಂದಿಕೊಬ್ಬು ಹಾಕಿ ಬಡಿಯುವುದೇ ಪದ್ಧತಿ. ಒಳಗೆ ಚೀಸು, ಮೆಣಸು ಇದ್ದರೂ ಕೇಳದೆ ತಿನ್ನಬೇಡಿ. ಕೆಂಪು ಮೆಣಸಿನ ರಸದಲ್ಲಿ ಬ್ರೆಡ್ ಅದ್ದಿ ಕಾಯಿಸುವ ಪಂಬಾಸೊದೊಳಗೆ ಆಲೂಗಡ್ಡೆಯ ಜೊತೆ ಹಂದಿಯ ಸಾಸೇಜು ಇರುತ್ತದೆ, ಆಲೂಗಡ್ಡೆ ಮಾತ್ರದ್ದು ಮಾಡಿಕೊಡುವವರೂ ಇದ್ದಾರೆ. ನಿಮಗೆ ಸಲೀಸಾಗಿ ಸಿಗುವುದು ಮೊಟ್ಟೆಯ ಟೋರ್ಟಾ, ಪನೇಲಾ ಚೀಸಿನದು, ಅಣಬೆಯದು, ಚೀಸಿನೊಂದಿಗೆ ಪೊಬ್ಲಾನೊ ಮೆಣಸಿನ ಪಟ್ಟಿಗಳದು. ಪ್ವೆಬ್ಲಾ ಶೈಲಿಯ ಸೆಮಿತಾ ಅಂಗಡಿ ಕಂಡರೆ ಬಿಡಬೇಡಿ. ಎಳ್ಳು ಮೆತ್ತಿದ ಬ್ರೆಡ್, ಎಳೆಎಳೆಯಾಗಿ ಬಿಚ್ಚುವ ಚೀಸು, ಬೆಣ್ಣೆ ಹಣ್ಣು, ಪಾಪಲೊ ಎಂಬ ಘಾಟಿನ ಸೊಪ್ಪು. ಮಾಂಸ ಬಿಟ್ಟು ಇಷ್ಟನ್ನೇ ಹಾಕಿ ಕೊಡಿ ಎಂದರೂ ಊಟವಾಗುತ್ತದೆ. ಚೀಸು ಹೆಪ್ಪುಗಟ್ಟಿಸಲು ಪ್ರಾಣಿಮೂಲದ ಕಿಣ್ವ ಬಳಸುವುದು ಅಲ್ಲಿ ಉಂಟು, ಅದೂ ಆಗದು ಎನ್ನುವವರು ಚೀಸನ್ನೇ ಬಿಡಬೇಕಾಗುತ್ತದೆ.

ಗ್ವಾದಲಹಾರಾದ ಹೆಮ್ಮೆ ಟೋರ್ಟಾ ಅಓಗಾದಾ, ಸಾರಿನಲ್ಲಿ ಮುಳುಗಿಸಿದ ಟೋರ್ಟಾ. ಟೋರ್ಟಾ ನೆನೆದರೆ ಕೆಟ್ಟಿತು ಎಂದು ಈಗಷ್ಟೇ ಹೇಳಿದೆ, ಇದು ಅದಕ್ಕೆ ಹೊರತು. ಅಲ್ಲಿನ ಬಿರೋತೆ ಬ್ರೆಡ್ ಹುಳಿ ಬರಿಸಿದ ಹಿಟ್ಟಿನದು, ಹೊರಪದರ ಎಷ್ಟು ಗಟ್ಟಿಯೆಂದರೆ ಟೊಮೆಟೊ ಸಾರಿನಲ್ಲಿ ಅದ್ದಿದರೂ ತಿಂದು ಮುಗಿಸುವವರೆಗೆ ಕುಸಿಯುವುದಿಲ್ಲ. ಮೂಲದಲ್ಲಿ ಒಳಗಿರುವುದು ಹಂದಿ ಮಾಂಸ. ಬೀನ್ಸ್ ಮತ್ತು ಪನೇಲಾ ಚೀಸು ಮಾತ್ರ ಹಾಕಿ ಕೊಡುವ ಅಂಗಡಿಗಳೂ ಇವೆ. ಬೀನ್ಸ್‌ನ ಕೊಬ್ಬಿನ ಜೊತೆಗೆ ಸಾರಿಗೆ ಮಾಂಸ ಬೇಯಿಸಿದ ನೀರು ಸೇರಿಸಿದ್ದಾರೆಯೇ ಎಂದೂ ವಿಚಾರಿಸಿ. ಇನ್ನೊಂದು ಸಾರು ಬರುತ್ತದೆ, ಚಿಲೆ ದೆ ಆರ್ಬೊಲ್ ಎಂಬ ಸಣ್ಣ ಒಣಮೆಣಸಿನದು. ಬ್ಯಾಡಗಿಯ ಸೌಮ್ಯ ಖಾರವನ್ನು ನೆನೆದು ಧೈರ್ಯ ಮಾಡಬೇಡಿ, ಇದು ಗುಂಟೂರಿನ ಕಡೆಯ ಖಾರ. ‘ಬಿಯೆನ್ ಅಓಗಾದಾ’ ಎಂದರೆ ಆ ಖಾರದಲ್ಲೇ ಪೂರ್ತಿ ಮುಳುಗಿಸಿ ಕೊಡುತ್ತಾರೆ. ನೀವು ‘ಮೆದಿಯಾ ಅಓಗಾದಾ’, ಅಂದರೆ ಅರ್ಧ ಮುಳುಗಿಸಿದ್ದು ಎಂದು ಹೇಳಿ, ಖಾರದ ಸಾರನ್ನು ಬೇರೆ ಬಟ್ಟಲಿನಲ್ಲಿ ತರಿಸಿಕೊಳ್ಳಿ.